ದೊಡ್ಡಪ್ಪನ ಮಟ್ಟಿಯಲ್ಲಿ ಯುದ್ಧದ ಕಾನೂನು

"ನಮ್ಮನೇಲಿ ಲಾಯರ್ರಾ? ಆಗದ ಮಾತು ಬಿಡು" ಎಂದು ಹೇಳಿದವರು ನಮ್ಮ ದೊಡ್ಡಪ್ಪ. ಅಜ್ಜಂಪುರದ ಸಂತೆಯಲ್ಲಿ, ನಾಲ್ಕು ಜನರೆದುರು, ನಾನು ಪಕ್ಕದಲ್ಲೇ ನಿಂತಿರುವಾಗ ಹೇಳಿದರು. ಕುಸ್ತಿಯ ಕೆಮ್ಮಣ್ಣಿನ ಮಟ್ಟಿಯಲ್ಲಿ ಹೊರಳಿ ಕಿವಿ ಮುದುಡಿಸಿಕೊಂಡ ಹಳೇ ಪೈಲ್ವಾನರು. ಯಾರ ಮುಲಾಜಿಗೂ ಮಾತಾಡಿದವರಲ್ಲ. ನಮ್ಮ ವಂಶದಲ್ಲಿ ಹತ್ತನೇ ತರಗತಿ ದಾಟಿದವಳು ನಾನೊಬ್ಬಳೇ.

ಅವರ ಮಾತೇ ನಿಜವಾಗುವ ಹಾಗಿತ್ತು. ಲಾ ಕಾಲೇಜಿನ ಬೇರೆಲ್ಲ ವಿಷಯ ಪಾಸಾಗಿ ಅಂತರರಾಷ್ಟ್ರೀಯ ಕಾನೂನು ಒಂದರಲ್ಲೇ ಎರಡು ಸಲ ಫೇಲಾದೆ. ಅದು ಆಗದೆ ಡಿಗ್ರಿ ಇಲ್ಲ. ನನ್ನನ್ನು ಕಾಡಿದ್ದು ಒಂದೇ ಪ್ರಶ್ನೆ: ಯುದ್ಧದಲ್ಲಿ, ರಾಜಕೀಯದಲ್ಲಿ ನಾಯಕರ ಹತ್ಯೆ ಎಂದರೇನು, ಕಾನೂನು ಅದನ್ನು ಒಪ್ಪುತ್ತದೆಯೇ? ದೊಡ್ಡ ಮನುಷ್ಯನನ್ನು ಕೊಂದರೆ ಹತ್ಯೆ, ಸಿಪಾಯಿಯನ್ನು ಕೊಂದರೆ ಯುದ್ಧ ಎಂದು ಬರೆದು ಬರುತ್ತಿದ್ದೆ. ಆ ವಿಷಯ ಕಲಿಸುವ ಮೇಡಂ ನನ್ನ ನೋಟ್ಸ್ ನೋಡಿ, "ಸತ್ತವನ ಕುರ್ಚಿ ಅಳೀತಾ ಕೂತಿದೀಯಲ್ಲಮ್ಮ, ಕೊಂದ ರೀತಿ ನೋಡು" ಎಂದರು. ತಲೆಗೆ ಹೋಗಲಿಲ್ಲ.

ಮೂರನೇ ಸಲದ ಪರೀಕ್ಷೆ ಈರುಳ್ಳಿ ಕೀಳುವ ಹೊತ್ತಿಗೇ ಬಂತು. ಮನೆಮಂದಿಯೆಲ್ಲ ಹೊಲದಲ್ಲಿ ಕೂತು ಈರುಳ್ಳಿಯ ಬಾಲ ಕೊಯ್ಯುತ್ತಿದ್ದೆವು. ನನ್ನ ಮೊಣಕಾಲ ಮೇಲೆ ಪುಸ್ತಕ. ಜೋರಾಗಿ ಓದಿದರೇ ನನಗೆ ನೆನಪುಳಿಯುವುದು.

"ಏನೇ ಅದು, ಬೆಳಗ್ಗಿಂದ ಕೊಲೆ ಕೊಲೆ ಅಂತಿದೀಯ? ಯಾರಿಗೆ ಸ್ಕೆಚ್ ಹಾಕಿದೀಯ, ನನಗಾ?" ಎಂದರು ದೊಡ್ಡಪ್ಪ. ಅಮ್ಮ ಕುಡುಗೋಲು ಕೆಳಗಿಟ್ಟು ನಕ್ಕಳು.

ವಿಷಯ ಹೇಳಿ ಕೇಳಿದೆ: "ಎದುರಾಳಿ ಸೇನಾಪತಿನೇ ಹುಡುಕಿ ಹೊಡೆದ್ರೆ ತಪ್ಪಾ ದೊಡ್ಡಪ್ಪ?"

"ಅವ್ನೂ ಮಟ್ಟಿಗಿಳಿದೋನೇ ತಾನೆ? ಎಷ್ಟೇ ದೊಡ್ಡ ಪೈಲ್ವಾನ ಆಗ್ಲಿ, ಲಂಗೋಟಿ ಕಟ್ಟಿ ಇಳಿದ ಮೇಲೆ ಕೆಡವ್ಬೋದು."

"ಮೋಸ ಮಾಡಿ ಕೆಡವಿದ್ರೆ?"

"ಎಡಕ್ಕೆ ಹೋದಂಗೆ ಮಾಡಿ ಬಲಕ್ಕೆ ನುಗ್ಗದು ಪಟ್ಟು ಕಣೇ, ಮೋಸ ಅಲ್ಲ. ತರೀಕೆರೇಲಿ ಒಬ್ಬ, ಕುಸ್ತಿಗೆ ಮುಂಚೆ ಕೈ ಮುಟ್ಟಿಸ್ತೀವಲ್ಲ, ಆ ಕೈನೇ ಹಿಡ್ದು ಎಳೆದು ನನ್ನ ಕೆಡವ್ಬಿಟ್ಟ. ಜನ ಅವನ್ನ ಮಟ್ಟಿಯಿಂದ ಆಚೆ ಹಾಕಿದ್ರು. ನಂಬಿ ಕೊಟ್ಟ ಕೈ ಅದು. ಅದನ್ನೇ ಎಳೆದ್ರೆ ನಾಳೆ ಯಾರು ಯಾರಿಗೆ ಕೈ ಕೊಡ್ತಾರೆ?"

ಕೊಯ್ಯುವುದನ್ನೇ ಮರೆತೆ. ಪುಸ್ತಕದಲ್ಲಿದ್ದುದೂ ಅದೇ. ಯುದ್ಧದಲ್ಲಿ ಹೊಂಚು ಹಾಕಬಹುದು. ಬಿಳಿ ಬಾವುಟ ತೋರಿಸಿ, ಶರಣಾದೆನೆಂದು ನಂಬಿಸಿ ಕೊಲ್ಲಬಾರದು.

"ಸರಿ, ಕುಸ್ತಿನೇ ಇಲ್ಲ. ಅವ್ನು ಹೋಟ್ಲಲ್ಲಿ ಕಾಫಿ ಕುಡೀತಾ ಕೂತವ್ನೆ. ಆಗ ಹೊಡೆದ್ರೆ?"

"ಅದು ಪೊಲೀಸ್ ಕೇಸು! ಯಾವ ಪಾರ್ಟಿಯೋನಾದ್ರೂ ಕೊಲೆ ಕೊಲೆನೇ."

"ಇಲ್ಲ, ಕುಸ್ತಿ ನಡೀತಿತ್ತು ಅಂತ ಹೊಡೆದೋನು ಸಾಧಿಸಿದ್ರೆ?"

"ಮಟ್ಟಿ ಎಲ್ಲೈತೆ ತೋರ್ಸಪ್ಪಾ ಅನ್ನು."

ಹತ್ಯೆಗೆ ಎಲ್ಲರೂ ಒಪ್ಪಿದ ಒಂದೇ ವ್ಯಾಖ್ಯೆ ಯಾಕಿಲ್ಲ ಎಂಬುದು ಅವತ್ತು ಅರ್ಥವಾಯಿತು. ಸರ್ಕಾರಗಳ ಜಗಳವೆಲ್ಲ ಆ ಮಟ್ಟಿಯ ಗೆರೆ ಎಲ್ಲಿದೆ ಎಂಬುದರ ಮೇಲೆಯೇ. ಖುಷಿಗೆ ಒಂದು ಈರುಳ್ಳಿಯನ್ನು ಮೇಲಕ್ಕೆಸೆದು ಹಿಡಿದೆ. "ಓದು ಅಂದ್ರೆ ಆಟ ಆಡ್ತಾಳೆ" ಎಂದು ದೊಡ್ಡಪ್ಪ ಬೈದರು.

ಪರೀಕ್ಷೆಯ ದಿನ ಶಿವನಿಯಲ್ಲಿ ರೈಲು ಹತ್ತಿದವಳು ಕಡೂರಿನಲ್ಲಿ ಇಳಿಯುವವರೆಗೂ ಪುಸ್ತಕ ತೆರೆಯಲಿಲ್ಲ. ಅದೇ ಪ್ರಶ್ನೆ ಬಂತು. ಬರೆಯುತ್ತಾ ಬರೆಯುತ್ತಾ ಒಂದು ಕಡೆ 'ಮಟ್ಟಿ' ಎಂದೇ ಬರೆದುಬಿಟ್ಟು, ಹೊಡೆದುಹಾಕಿ 'ಯುದ್ಧಭೂಮಿ' ಎಂದು ತಿದ್ದಿದೆ. ನಗು ತಡೆಯಲಾಗದೆ ಪರೀಕ್ಷಾ ಕೊಠಡಿಯ ಮೇಲ್ವಿಚಾರಕರಿಂದ ಬೈಸಿಕೊಂಡೆ. ಪಾಸಾದೆ.

ಸರ್ಟಿಫಿಕೇಟು ತಂದ ದಿನ ಅದನ್ನು ನೇರ ದೊಡ್ಡಪ್ಪನ ಮುಂದೆ ಹಿಡಿದೆ.

"ತಡಿ, ಮಣ್ಣ್ ಕೈ" ಎಂದು ಎದ್ದುಹೋಗಿ, ಕೈ ತೊಳೆದು, ಟವೆಲಿಗೆ ಒರೆಸಿಕೊಂಡು ಬಂದರು. ಎರಡೂ ಕೈಯಲ್ಲಿ ತೆಗೆದುಕೊಂಡು, ಓದಲು ಬಾರದಿದ್ದರೂ ಮೇಲಿಂದ ಕೆಳಗಿನವರೆಗೆ ನೋಡಿದರು.

"ನಾನು ಚಿತ್ ಕಣವ್ವ. ಎದುರಿಗೇ ನಿಂತು ಕೆಡವಿದೀಯ, ಬೆನ್ನು ಪೂರ್ತಿ ನೆಲ ಮುಟ್ಟೈತೆ."