ಹೆಡ್ ಮಾಸ್ತರರು ಕದ್ದು ಹೀರಿದ ಮದ್ದು

ನಮ್ಮ ಹೆಡ್ ಮಾಸ್ತರರಿಗೆ ಎಲ್ಲ ಕಾಯಿಲೆಗೂ ಒಂದೇ ಕಾರಣ ಗೊತ್ತಿತ್ತು: ಮನಸ್ಸು ಗಟ್ಟಿಯಿಲ್ಲದಿರುವುದು. ಮಕ್ಕಳಿಗೆ ಜ್ವರ ಬಂದರೂ ಅದೇ, ಜವಾನನಿಗೆ ಹಲ್ಲುನೋವಾದರೂ ಅದೇ. ನನ್ನ ಉಬ್ಬಸಕ್ಕಂತೂ ಬೇರೆ ಕಾರಣ ಹುಡುಕುವ ಶ್ರಮವನ್ನು ಅವರು ತೆಗೆದುಕೊಳ್ಳಲೇ ಇಲ್ಲ.

ನಮ್ಮ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿ ನಾಲ್ಕೈದು ವರ್ಷವಾಗಿತ್ತು. ಸಿದ್ದಾಪುರದ ಶಾಲೆಯಲ್ಲಿ ನಾನು ಮೂರನೇ ಇಯತ್ತೆಗೆ ಪಾಠ ಹೇಳುತ್ತಿದ್ದೆ. ಶಿರಸಿಯ ಡಾಕ್ಟರೊಬ್ಬರು ಮುಂಬಯಿಯಿಂದ ತರಿಸಿಕೊಟ್ಟ ಗಾಜಿನ ಪಂಪು ಆಗ ನನ್ನ ಕೈ ಸೇರಿತು. ಮುಷ್ಟಿಯಲ್ಲಿ ಹಿಡಿಯುವಷ್ಟು ಗಾಜಿನ ಬುರುಡೆ, ಅದರ ಹಿಂದೆ ರಬ್ಬರಿನ ಚೆಂಡು. ಬುರುಡೆಯೊಳಗೆ ಕೆಲವು ಹನಿ ಮದ್ದು ಹಾಕಿ, ಮೂತಿಯನ್ನು ಬಾಯಲ್ಲಿಟ್ಟು ಚೆಂಡು ಒತ್ತಿದರೆ ಮದ್ದು ಮಂಜಿನಂತಾಗಿ ಎದೆಗೆ ಇಳಿಯುತ್ತಿತ್ತು.

“ಉಸಿರು ಪೂರ್ತಿ ಬಿಟ್ಟು, ಒಳಗೆ ಎಳೀವಾಗ ಒತ್ತಬೇಕು,” ಎಂದು ಡಾಕ್ಟರು ತೋರಿಸಿಕೊಟ್ಟಿದ್ದರು. “ಎರಡು ಸಲ ಸಾಕು. ಎದೆ ಹೊಡ್ಕೊಂಡ್ರೆ ನಿಲ್ಲಿಸಿ. ಉಬ್ಬಸ ಇಳೀಲಿಲ್ಲ ಅಂದ್ರೆ ಮತ್ತೆ ಮತ್ತೆ ಒತ್ತುತ್ತಾ ಕೂರಬೇಡಿ, ಸೀದಾ ನನ್ನ ಹತ್ರ ಬನ್ನಿ. ಮತ್ತೆ, ಇದು ನಿಮ್ಮ ಮದ್ದು. ಬೇರೆಯವರಿಗೆ ಕೊಡೋ ಹಾಗಿಲ್ಲ.”

ಮನೆಯಲ್ಲಿ ಅಮ್ಮ ಅದನ್ನು ತಿರುಗಿಸಿ ತಿರುಗಿಸಿ ನೋಡಿದಳು. “ಎಂತಾ ಮದ್ದೇ ತಂಗಿ ಇದು? ಕಹಿನೂ ಇಲ್ಲೆ, ವಾಸನೆನೂ ಇಲ್ಲೆ. ಹ್ಯಾಂಗೆ ಗುಣ ಆಗ್ತು?” ಆದರೆ ನಾನು ಎರಡು ಸಲ ಒತ್ತಿ, ಗೋಡೆಗೆ ಒರಗಿದ್ದವಳು ಸ್ವಲ್ಪ ಹೊತ್ತಿಗೆ ನೆಟ್ಟಗೆ ಕೂತದ್ದನ್ನು ಕಂಡ ಮೇಲೆ ಸುಮ್ಮನಾದಳು.

ಹೆಡ್ ಮಾಸ್ತರರು ಸುಮ್ಮನಾಗುವವರಲ್ಲ. ಹಾವೇರಿ ಕಡೆಯವರು, ದನಿ ದೊಡ್ಡದು. ನಾನು ಮೂಲೆಗೆ ತಿರುಗಿ ಪಂಪು ಒತ್ತಿಕೊಂಡರೆ ಮಾಸ್ತರರ ಕೋಣೆಯೆಲ್ಲ ಕೇಳುವಂತೆ ಹೇಳುತ್ತಿದ್ದರು: “ಏನ್ರಿ ಅಕ್ಕೋರ, ಅತ್ತರು ಹೊಡ್ಕೊಳ್ಳಾಕ ಹತ್ತೀರೇನು? ದಮ್ಮು ಅನ್ನೋದು ಮನಸಿನ ರೋಗ. ಮನಸು ಗಟ್ಟಿ ಮಾಡ್ರಿ!” ಉಳಿದ ಮಾಸ್ತರರು ನಗುತ್ತಿದ್ದರು. ಬಡ್ತಿಯ ಪತ್ರಕ್ಕೆ ಸಹಿ ಹಾಕುವವರು ತಮಾಷೆ ಮಾಡಿದರೆ ನಗದೆ ಇರುವ ಗಂಡಸನ್ನು ನಾನು ಆ ಶಾಲೆಯಲ್ಲಿ ಕಾಣಲಿಲ್ಲ. ಇದೇ ಮಹಾಶಯರು ಶಾಲೆಯ ಮೂರು ಮೆಟ್ಟಿಲು ಹತ್ತುವಷ್ಟರಲ್ಲಿ ಸುಯ್ಯೆನ್ನುತ್ತಿದ್ದರು. ಕೇಳಿದರೆ, ಅದು ಬರೀ ಶೀತ.

ಆ ವರ್ಷ ಶಾಲೆಯ ಇನ್ಸ್‌ಪೆಕ್ಟರರು ಬರುವ ದಿನ ಬೆಳಿಗ್ಗೆಯಿಂದ ಗುಡಿಸುವುದು, ಒರೆಸುವುದು ನಡೆದಿತ್ತು. ಎಷ್ಟೋ ವರ್ಷದಿಂದ ಸುತ್ತಿಟ್ಟಿದ್ದ ನಕಾಶೆಗಳನ್ನು ಜಗಲಿಯಲ್ಲಿ ಬಡಿದು ಧೂಳು ಕೊಡವುತ್ತಿದ್ದರು. ಹೆಡ್ ಮಾಸ್ತರರು ಆ ಧೂಳಿನ ನಡುವೆಯೇ ನಿಂತು ಅಪ್ಪಣೆ ಕೊಡುತ್ತಿದ್ದರು. ನಾನು ಪಂಪನ್ನು ಮೇಜಿನ ಖಾನೆಯಲ್ಲಿಟ್ಟು ತರಗತಿಗೆ ಹೋದೆ.

ಪಾಠ ಮುಗಿಸಿ ಬಂದರೆ ಖಾನೆ ಬಾಯಿ ತೆರೆದಿತ್ತು. ಪಂಪು ಮೇಜಿನ ಮೇಲಿತ್ತು, ಒಳಗೆ ಮದ್ದಿನ ಒಂದು ಹನಿಯೂ ಉಳಿದಿರಲಿಲ್ಲ. ಪಕ್ಕದ ಕೋಣೆಯಿಂದ ಕ್ಷೀಣವಾಗಿ, “ಅಕ್ಕೋರ… ಬಾಗಲಾ ಹಾಕ್ಕೊಂಡು ಒಳಗ ಬರ್ರಿ,” ಎಂದು ಕೇಳಿಸಿತು.

ಹೆಡ್ ಮಾಸ್ತರರು ಕುರ್ಚಿಯಲ್ಲಿ ಕುಸಿದಿದ್ದರು. ಅಂಗಿ ಬೆವರಿನಿಂದ ಒದ್ದೆಯಾಗಿತ್ತು. ಕರವಸ್ತ್ರ ಬಿಚ್ಚಿ ತೋರಿಸಿದರು. ಅದರಲ್ಲಿ ಗುಲಾಬಿ ಬಣ್ಣದ ಉಗುಳು.

“ರಕ್ತ ಬಿತ್ರಿ. ನನಗ ಕ್ಷಯ ಐತಿ. ನನ್ನ ಹೇಣ್ತಿಗೆ ಹೇಳಬ್ಯಾಡ್ರಿ.”

ಆ ಮದ್ದು ಉಗುಳಿಗೆ ಗುಲಾಬಿ ಬಣ್ಣ ಕೊಡುತ್ತದೆಂದು ನನಗೆ ಗೊತ್ತಿತ್ತು. ಮೊದಲ ವಾರ ನಾನೂ ಹಾಗೆಯೇ ಹೆದರಿ ಡಾಕ್ಟರನ್ನು ಕೇಳಿದ್ದೆ. “ಅದು ರಕ್ತ ಅಲ್ಲ. ಪಂಪು ಎಷ್ಟು ಸಲ ಒತ್ತಿದ್ರಿ?” ಎಂದೆ.

“ಯಾವ ಪಂಪು?” ಎಂದರು, ಆ ಸ್ಥಿತಿಯಲ್ಲೂ.

ಮೇಜಿನ ಮೇಲಿದ್ದ ಖಾಲಿ ಪಂಪನ್ನು ತಂದು ಮುಂದೆ ಹಿಡಿದೆ. ಅವರು ಗೋಡೆ ನೋಡಿದರು. “ಒಂದ್ ಹನ್ನೆರಡು ಸಲ ಇರಬೇಕು. ಮೊದಲ ಚಲೋ ಅನಿಸ್ತು, ಅದಕ್ಕ… ಎದಿ ಒಡದು ಹೋಗ್ತೈತ್ರಿ.”

ಒಂದು ಕ್ಷಣ ನನಗೆ ಖುಷಿಯಾಯಿತು. ಮುಚ್ಚಿಡುವುದೇಕೆ, ಚೆನ್ನಾಗಿಯೇ ಖುಷಿಯಾಯಿತು. ಮನಸ್ಸು ಗಟ್ಟಿ ಮಾಡಿ ಅಂದುಬಿಡೋಣ ಎಂದು ಬಾಯಿಗೆ ಬಂದಿತ್ತು. ನಾಡಿ ಹಿಡಿದು ನೋಡಿದೆ, ಎಣಿಸಲಾಗದ ಓಟ. ತುಟಿಯ ಬಣ್ಣ ನೋಡಿದ ಮೇಲೆ ಖುಷಿ ಇಳಿದು ಹೋಯಿತು.

ಅಷ್ಟರಲ್ಲಿ ಇನ್ಸ್‌ಪೆಕ್ಟರರ ಜೀಪು ಬಂದು ನಿಂತಿತು, ಅವರು ನೇರ ಕೋಣೆಗೇ ಬಂದರು. ಹೆಡ್ ಮಾಸ್ತರರು ಎದ್ದು ನಿಲ್ಲಲು ಹೋಗಿ ಮತ್ತೆ ಕೂತು, “ಸ್ವಲ್ಪ ಪಿತ್ತ, ಸಾಹೇಬ್ರ,” ಎಂದರು. “ಪಿತ್ತ ಅಲ್ಲ. ಇವರನ್ನ ಈಗಲೇ ಶಿರಸಿಗೆ ಕರ್ಕೊಂಡು ಹೋಗಬೇಕು,” ಎಂದೆ. ಇನ್ಸ್‌ಪೆಕ್ಟರರು ಅವರ ಮುಖ ನೋಡಿದರು, ಜೀಪು ತಿರುಗಿಸಲು ಹೇಳಿದರು. ಪಂಪನ್ನೂ ಮದ್ದಿನ ಸೀಸೆಯನ್ನೂ ಹಿಡಿದುಕೊಂಡು ನಾನೂ ಜೀಪು ಹತ್ತಿದೆ.

ಅರ್ಧ ದಾರಿಯಲ್ಲಿ ಹೆಡ್ ಮಾಸ್ತರರ ಎದೆಬಡಿತ ಸ್ವಲ್ಪ ತಗ್ಗಿತು. ಅದು ತಗ್ಗಿದಂತೆ ಅವರ ದೊಡ್ಡಸ್ತಿಕೆ ಏರಿತು. ನನ್ನ ಕಡೆ ಬಾಗಿ, “ಡಾಕ್ಟರ ಮುಂದ ಇದೆಲ್ಲಾ ಹೇಳೋದು ಬ್ಯಾಡ್ರಿ,” ಎಂದು ಪಿಸುಗುಟ್ಟಿದರು.

ಡಾಕ್ಟರು ನನ್ನ ಕೈಯ ಪಂಪು ನೋಡಿ, ಅವರ ಎದೆಗೆ ಕೊಳವೆಯಿಟ್ಟು ಬಹಳ ಹೊತ್ತು ಕೇಳಿದರು. “ಎಷ್ಟು ಸಲ ಒತ್ತಿದ್ದು ಮಾರಾಯ್ರೆ?”

“ಎರಡಽ ಸಲ.”

“ಹನ್ನೆರಡು,” ಎಂದೆ ನಾನು, ಬಾಗಿಲಲ್ಲಿ ನಿಂತಿದ್ದ ಇನ್ಸ್‌ಪೆಕ್ಟರರಿಗೂ ಕೇಳುವಂತೆ.

ಡಾಕ್ಟರು ಕೊಳವೆ ತೆಗೆದರು. “ನಿಮಗೆ ಉಬ್ಬಸ ಇದೆ, ಹೃದಯನೂ ಮೊದಲೇ ಸರಿ ಇಲ್ಲ. ಇನ್ನು ನಾಲ್ಕು ಸಲ ಒತ್ತಿದ್ದರೆ ನಾನು ಮಾತಾಡಿಸೋದು ನಿಮ್ಮ ಮನೆಯವರನ್ನ ಆಗಿರ್ತಿತ್ತು. ಇವರಿಗೆ ಕೊಟ್ಟ ಮದ್ದು ನಿಮಗೆ ಹೇಗೆ ಆಗ್ತದೆ?”

ನಾನು ತಲೆಯಾಡಿಸುತ್ತ ನಿಂತಿದ್ದೆ. ಅವರು ನನ್ನ ಕಡೆ ತಿರುಗಿದರು. “ನೀವು ಇದನ್ನ ಎಲ್ಲಿ ಇಟ್ಟಿದ್ರಿ? ಬೀಗ ಇಲ್ಲದ ಖಾನೆಯಲ್ಲಿ? ನಾಳೆ ಯಾವುದಾದ್ರೂ ಮಗು ತೆಗೆದ್ರೆ? ಅದಿರಲಿ, ನೀವು ದಿನಕ್ಕೆ ಎಷ್ಟು ಸಲ ಒತ್ತುತೀರಿ?”

ಎರಡು ಎನ್ನಲು ಹೊರಟ ನಾಲಿಗೆ ಅಲ್ಲೇ ನಿಂತಿತು. ಆ ವಾರ ಅದು ಏಳೆಂಟಕ್ಕೆ ಹೋಗಿತ್ತು. ಹನ್ನೆರಡು ಎಂದು ಅಷ್ಟು ಗಟ್ಟಿಯಾಗಿ ಸಾರಿದ ನಾನು, ನನ್ನ ಲೆಕ್ಕವನ್ನು ನೆಲ ನೋಡುತ್ತ ಹೇಳಿದೆ.

“ಅಷ್ಟು ಬೇಕಾಗ್ತದೆ ಅಂದ್ರೆ ಕಾಯಿಲೆ ಜೋರಾಗ್ತಾ ಇದೆ ಅಂತ ಅರ್ಥ. ಆವಾಗ ಬರಬೇಕಾದ್ದು ನನ್ನ ಹತ್ರ,” ಎಂದು ಗದರಿ, ದಿನವೂ ನುಂಗಲು ಗುಳಿಗೆ ಬರೆದುಕೊಟ್ಟರು.

ವಾರದ ಮೇಲೆ ಹೆಡ್ ಮಾಸ್ತರರು ಶಾಲೆಗೆ ಬಂದರು. ಪ್ರಾರ್ಥನೆ ಮುಗಿದ ಮೇಲೆ ಪರದೇಶದ ಮದ್ದುಗಳ ಅಪಾಯದ ಬಗ್ಗೆ ಮಕ್ಕಳಿಗೆ ಉದ್ದದ ಭಾಷಣ. ಅಂದು ನಕ್ಕ ಮಾಸ್ತರರು ಇಂದು ತಲೆದೂಗಿದರು. ಪರರ ಖಾನೆಗೆ ಕೈ ಹಾಕುವುದರ ಅಪಾಯ ಆ ಭಾಷಣದಲ್ಲಿ ಬರಲಿಲ್ಲ. ಎರಡು ತಿಂಗಳೊಳಗೆ ನನಗೆ ಯಲ್ಲಾಪುರಕ್ಕೆ ವರ್ಗವಾಯಿತು.

ಹೊರಡುವ ಹಿಂದಿನ ದಿನ ಅವರ ಹೆಂಡತಿ ನಮ್ಮ ಮನೆಗೆ ಬಂದರು. ಕೂರಲೂ ಇಲ್ಲ. “ಅಕ್ಕೋರ, ಖರೇ ಹೇಳ್ರಿ. ಅವರಿಗೆ ದಮ್ಮು ಐತೇನು? ಇಪ್ಪತ್ತು ವರ್ಷ ಆತು, ಶೀತ ಅಂತ ಹೇಳ್ಕೋತ ಬಂದಾರ.”

ನಡೆದದ್ದೆಲ್ಲ ಹೇಳಿದೆ. ಅವರು ಅಳಲಿಲ್ಲ, ಗಂಡನ ಪರ ಒಂದು ಮಾತೂ ಆಡಲಿಲ್ಲ. ಶಿರಸಿಯ ಡಾಕ್ಟರರ ಮನೆ ಯಾವ ಓಣಿಯಲ್ಲಿದೆ ಎಂದಷ್ಟೇ ಕೇಳಿದರು. ಅಂದಿನಿಂದ ತಿಂಗಳಿಗೊಮ್ಮೆ ತಾವೇ ಕರೆದುಕೊಂಡು ಹೋಗಿ ತೋರಿಸಿ ತರುತ್ತಿದ್ದರಂತೆ. ಬಸ್ಸಿನಲ್ಲಿ ಯಾರಾದರೂ ಮಾತಾಡಿಸಿದರೆ ಹೆಡ್ ಮಾಸ್ತರರು, “ಇಕಿಗೆ ಆರಾಮಿಲ್ರಿ, ತೋರಸ್ಕೊಂಡು ಬರ್ತೀನಿ,” ಎಂದು ಹೆಂಡತಿಯ ಕಡೆ ಬೆರಳು ಮಾಡುತ್ತಿದ್ದರಂತೆ.