ಅವಧಿ ಮುಗಿದ ಕಾರ್ಡಿನೊಂದಿಗೆ ಠಾಣೆಗೆ

ಊರಿನ ಓದುಗ ಬಂಧುಗಳಿಗೆ ಕತಾರ್ ದೇಶದ ದೋಹಾದಿಂದ ಸವಿನಯ ವಂದನೆಗಳು.

ವಿಷಯ: ವಾಸದ ಕಾರ್ಡಿನ ಅವಧಿ ಮುಗಿದಿದ್ದಾಗ್ಯೂ ಪೊಲೀಸ್ ಠಾಣೆಗೆ ತೆರಳಿ, ಕುರ್ಚಿಯಲ್ಲಿ ಕುಳಿತು, ನೀರು ಕುಡಿದು ಹಿಂದಿರುಗಿದ ಬಗ್ಗೆ.

ಮೇಲ್ಕಂಡ ವಿಷಯದಲ್ಲಿ ನಿವೇದಿಸಿಕೊಳ್ಳುವುದೇನೆಂದರೆ, ಇದು ನನ್ನ ಮೊದಲ ಬರಹ, ಲೋಪವಿದ್ದಲ್ಲಿ ಮನ್ನಿಸಬೇಕು. ಕಳೆದ ತಿಂಗಳು ಮುಶೈರಿಬ್‌ನಲ್ಲಿ ಟ್ಯಾಕ್ಸಿ ಇಳಿಯುವಾಗ ಚೀಲವನ್ನು ಸೀಟಿನಲ್ಲೇ ಮರೆತೆ. ಪಾಸ್‌ಪೋರ್ಟ್ ಅದರೊಳಗಿತ್ತು. ಹೊಸ ಪಾಸ್‌ಪೋರ್ಟಿಗೆ ಠಾಣೆಯ ಪತ್ರ ಬೇಕು. ಆಗಲೇ ಅವಧಿ ಮುಗಿದಿದ್ದ ವಾಸದ ಕಾರ್ಡನ್ನು ನವೀಕರಿಸಲು ಪಾಸ್‌ಪೋರ್ಟ್ ಬೇಕು. ಆ ಕಾರ್ಡಿಲ್ಲದೆ ಊರಿನಲ್ಲಿರುವ ನನ್ನ ಹೆಂಡತಿ ಸುಮನಳಿಗೆ ವೀಸಾ ಇಲ್ಲ. ಮದುವೆಯಾಗಿ ಎರಡು ವರ್ಷವಾದರೂ ನಾವು ಒಟ್ಟಿಗೆ ಇದ್ದದ್ದು ನಲವತ್ತು ದಿನ.

ಅಮೆರಿಕದಲ್ಲಿ ದಾದಿಯಾಗಿರುವ ಚಿಕ್ಕಮ್ಮನ ಮಗಳು ಧ್ವನಿಸಂದೇಶ ಕಳುಹಿಸಿದಳು: "ಅಣ್ಣ, ನಮ್ಮ ರಾಜ್ಯದಲ್ಲಿ ಊರಿನ ಪೊಲೀಸರು ವಲಸೆ ಇಲಾಖೆಯ ಕೆಲಸಕ್ಕೆ ಕೈ ಹಾಕಬಾರದು ಅಂತ ಕಾನೂನೇ ಉಂಟು. ಇಲ್ಲದಿದ್ರೆ ಗಡೀಪಾರಿಗೆ ಹೆದರಿ ಪೆಟ್ಟು ತಿಂದವರೂ ಠಾಣೆಗೆ ಬರುವುದಿಲ್ಲ ಅಲ್ವಾ? ನಿಮ್ಮಲ್ಲಿ ಹೇಗೋ."

ಕೋಣೆಯ ಜೊತೆಗಾರ, ವಿಜಯಪುರದ ವೆಲ್ಡರ್ ಬಸಣ್ಣ ಅದನ್ನು ಕೇಳಿ, "ಅಕಿ ಕಾನೂನು ಅಕೀ ಊರಾಗ. ಇಲ್ಲಿ ಎಲ್ಲಾ ಒಂದೇ ಕಂಪ್ಯೂಟರ್. ನಂಬರ್ ಒತ್ತಿದ್ರ ನಿನ್ನ ಜಾತಕ ಬರ್ತದ, ತಮ್ಮಾ" ಎಂದರು.

ನಮ್ಮ ಕಡೆ ಠಾಣೆಗೆ ಹೋಗುವುದಾದರೆ ಪಂಚಾಯಿತಿಯ ಪರಿಚಿತರೊಬ್ಬರನ್ನು ಮುಂದೆ ಬಿಟ್ಟು, ಅರ್ಜಿ ಹಿಡಿದು ಹಿಂದೆ ನಿಲ್ಲುವುದು ವಾಡಿಕೆ. ಇಲ್ಲಿ ಪರಿಚಿತರಿಲ್ಲ, ಅರ್ಜಿಯನ್ನಾದರೂ ಬಿಡಬಾರದೆಂದು ಇಂಗ್ಲಿಷಿನಲ್ಲಿ ಮೂರು ಪ್ರತಿ ಸಿದ್ಧಪಡಿಸಿದೆ. ಹೆಸರು, ತಂದೆಯ ಹೆಸರು, ಹಾಲಿ ವಾಸ ಅಲ್ ಥುಮಾಮಾ. ಅರ್ಜಿಯಲ್ಲಿ ಸತ್ಯವನ್ನೇ ಬರೆಯಬೇಕೆಂದು ಕಲಿತವನಾದ್ದರಿಂದ, ಮೊದಲ ಸಾಲಿನಲ್ಲೇ 'ಅವಧಿ ಮುಗಿದ ಕಾರ್ಡುದಾರನಾದ ನಾನು' ಎಂದೂ ನಮೂದಿಸಿದೆ.

ಠಾಣೆಯಲ್ಲಿ ಅಧಿಕಾರಿ ಕುರ್ಚಿ ತೋರಿಸಿ, ನೀರಿನ ಬಾಟಲಿ ಮುಂದಿಟ್ಟರು. ಅರ್ಜಿಯ ಮೊದಲ ಸಾಲಿನಲ್ಲೇ ಅವರ ಕಣ್ಣು ನಿಂತಿತು. ನನಗೆ ಊರಿಗೆ ವಾಪಸು ಅಟ್ಟುವ ವಿಮಾನದ ಮೆಟ್ಟಿಲೇ ಕಾಣಿಸಿತು. ಅವರು ಹಾಳೆಯನ್ನು ಒಂದು ಬೆರಳಿನಿಂದ ಮೆಲ್ಲನೆ ನನ್ನ ಕಡೆಗೆ ಸರಿಸಿ, ಮುರುಕು ಹಿಂದಿಯಲ್ಲಿ ಹೇಳಿದರು: "ಇದು ನನ್ನ ಕೆಲಸ ಅಲ್ಲ. ಇಲ್ಲಿ ಕಳೆದ ವಸ್ತು ಮಾತ್ರ. ಕಾರ್ಡಿಗೆ ನಿನ್ನ ಮಂದೂಬ್ ಇದ್ದಾನಲ್ಲ, ಅವನನ್ನು ಕೇಳು. ಯಲ್ಲಾ, ಬೇಗ ಹೇಳು, ಚೀಲ ಯಾವ ಬಣ್ಣ?" ಮಂದೂಬ್ ಎಂದರೆ ಕಂಪನಿಯ ಪರವಾಗಿ ಸರ್ಕಾರಿ ಕಚೇರಿಗಳಿಗೆ ಓಡಾಡುವವನು.

ಚೀಲ ನೀಲಿ ಎಂದೆ. ಸ್ವಲ್ಪ ಹೊತ್ತಿಗೆ ಪತ್ರ ನನ್ನ ಕೈಯಲ್ಲಿತ್ತು. ಹೊರಗಿನ ಉರಿಬಿಸಿಲಿನಲ್ಲಿ ಮೆಟ್ರೋ ನಿಲ್ದಾಣದವರೆಗೆ ಬಹುತೇಕ ಓಡಿದೆನೆಂದು ತಿಳಿಸಲು ಹರ್ಷಿಸುತ್ತೇನೆ.

"ಯಾರೂ ಕೇಳಲಾರದ್ದನ್ನ ನೀನ ಬರದ ಕೊಟ್ಟಿಯಾ?" ಕೋಣೆಯಲ್ಲಿ ಬಸಣ್ಣ ತಲೆ ಚಚ್ಚಿಕೊಂಡರು. "ಮೂರೂ ಪ್ರತಿ ಹಂಗ ಉಳದಾವಲ್ಲ, ಗೋಡೆಗೆ ಹಚ್ಚಿಬಿಡು."

ಅಮೆರಿಕದ ಆ ರಾಜ್ಯದಲ್ಲಿ ಶಾಸನವೇ ಎಳೆದಿರುವ ಗೆರೆಯನ್ನು ಅಂದು ಇಲ್ಲಿ ಒಬ್ಬ ಅಧಿಕಾರಿಯ ಬೆರಳು ಎಳೆಯಿತು. ಅದು ನಿಯಮವೋ, ಅವರ ಒಳ್ಳೆಯತನವೋ ನಾನರಿಯೆ. ನನ್ನಂತೆ ಹೋಗಬಹುದೆಂದು ಮತ್ತೊಬ್ಬರಿಗೆ ಭರವಸೆ ನೀಡಲಾರೆ.

ಪಾಸ್‌ಪೋರ್ಟ್ ಬಂತು, ಕಾರ್ಡ್ ಬಂತು, ನಿನ್ನೆ ಸುಮನಳ ವೀಸಾವೂ ಬಂತು. ಅಲ್ ರಯ್ಯಾನ್‌ನಲ್ಲಿ ಗೊತ್ತುಮಾಡಿದ ಒಂದು ಕೋಣೆಯ ಖಾಲಿ ಮನೆಯಲ್ಲಿ ನಿಂತು ಅವಳಿಗೆ ಫೋನ್ ಮಾಡಿದೆ.

"ಕುಚ್ಚಲಕ್ಕಿ ತರಬೇಕಾ?"

"ಇಲ್ಲಿ ಎಲ್ಲ ಸಿಗ್ತದೆ. ನೀನು ಬೇಗ ಮನೆಗೆ ಬಾ."

"ನಾನು ಮನೆಯಲ್ಲೇ ಇದ್ದೇನಲ್ಲ ಮಾರಾಯ್ರೆ. ಬರಬೇಕಾದವರು ನೀವು."

ಅವಳ ಮಾತು ಸರಿಯೆಂದು ಒಪ್ಪಿಕೊಂಡೆ. ಫೋನ್ ಇಟ್ಟು, ಪರದೆಗಾಗಿ ಕಿಟಕಿಯ ಅಳತೆ ತೆಗೆದೆ.