ಸ್ಕ್ಯಾನಿನಲ್ಲಿ ಕಂಡದ್ದು, ನಾನು ಹೇಳಿದ್ದು

ನನ್ನ ಮಗನ ಕಾಲು ಹೋದದ್ದು ಸೊಸೆ ಎತ್ತಿದ್ದಕ್ಕಲ್ಲ. ಬಿದ್ದ ಏಟಿಗೇ ಹೋಗಿತ್ತು. ಅದು ನನಗೆ ಅವತ್ತೇ ಗೊತ್ತಿತ್ತು. ಗೊತ್ತಿದ್ದೂ ಅವಳ ತಲೆಗೆ ಕಟ್ಟಿದೆ — ಬೇಕೆಂದೇ ಕಟ್ಟಿದೆ.

ಮಹೇಶ ಪೀಣ್ಯದಲ್ಲಿ ಲೇತ್ ಕೆಲಸದಲ್ಲಿದ್ದ. ಒಂದು ಭಾನುವಾರ ಲಗ್ಗೆರೆಯ ನಮ್ಮ ಮನೆಯ ತಾರಸಿಯಲ್ಲಿ ನೀರಿನ ಟ್ಯಾಂಕು ತೊಳೆಯಲು ಹತ್ತಿದವನು ಜಾರಿ ಕೆಳಗಿನ ಓಣಿಗೆ ಬಿದ್ದ. ಅವನ ಹೆಂಡತಿ ಶಶಿ ಆಟೋ ಕರೆಯಲು ಓಡಿದಳು. ಆಗ ಅವನು ನೆಲದ ಮೇಲಿಂದಲೇ ಅಂದ — "ಅಮ್ಮ, ಕಾಲು ಇರೋದೇ ಗೊತ್ತಾಗ್ತಿಲ್ಲ." ಕೇಳಿಸಿಕೊಂಡವಳು ನಾನೊಬ್ಬಳೇ. ಅವನಿಗೇ ಆ ಹೊತ್ತಿನ ನೆನಪಿಲ್ಲ.

ಶಶಿ ಆಂಬುಲೆನ್ಸ್‌ಗೆ ಕಾಯಲಿಲ್ಲ. ಆಟೋದವನು ಕಾಲು ಹಿಡಿದ, ಇವಳು ಕಂಕುಳಿಗೆ ಕೈ ಕೊಟ್ಟಳು. ಹಾಗೇ ಎತ್ತಿ, ಮಡಚಿ, ಆಟೋದಲ್ಲಿ ಕೂರಿಸಿಕೊಂಡು ರಾಜಾಜಿನಗರದ ಆಸ್ಪತ್ರೆಗೆ ತಂದೆವು. ಅಲ್ಲಿ ಬಾಗಿಲಲ್ಲೇ ಒಬ್ಬ ಡಾಕ್ಟರು ರೇಗಿದರು: "ಬೆನ್ನಿಗೆ ಪೆಟ್ಟಾದೋರನ್ನ ಹೀಗಾ ತರೋದು? ಸ್ವಲ್ಪನಾದ್ರೂ ತಿಳುವಳಿಕೆ ಬೇಡ್ವೇನ್ರೀ?" ಶಶಿಯ ಮುಖ ಅಲ್ಲೇ ಸತ್ತಿತು.

ಎಕ್ಸ್‌ರೇಯಲ್ಲಿ ಮೂಳೆ ಮಾತ್ರ ಕಾಣುತ್ತದಂತೆ, ಒಳಗಿನ ಬೆನ್ನುಹುರಿ ಕಾಣುವುದಿಲ್ಲವಂತೆ. ಅದಕ್ಕೆ ಎಂಆರ್‌ಐ ಮಾಡಿಸಬೇಕೆಂದರು. ಗುಹೆಯಂಥ ಮಿಷನ್ನು ನೋಡಿ ಮಹೇಶ ಹೆದರಿ ಶಶಿ, ಶಶಿ ಎಂದು ಕೂಗತೊಡಗಿದ. ಒಬ್ಬರು ಜೊತೆಗೆ ಬರಬಹುದು, ಆದರೆ ಮೈಮೇಲೆ ಲೋಹ ಇರಬಾರದು ಎಂದ ಅಲ್ಲಿನವನು. ಶಶಿ ಅಲ್ಲೇ ಬಿಚ್ಚತೊಡಗಿದಳು. ಬಳೆ, ಕಾಲುಂಗುರ, ಆಮೇಲೆ — ತಾಳಿ. ತಲೆಯ ಮೇಲಿಂದ ತೆಗೆದು ನನ್ನ ಕೈಗೆ ತುರುಕಿದಳು. "ಹಿಡ್ಕೊಳ್ಳಿ ಅತ್ತೆ."

ನಮ್ಮಲ್ಲಿ ತಾಳಿ ತೆಗೆಯಲೇಬೇಕಾಗಿ ಬಂದರೆ ಮೊದಲು ಅರಿಸಿನದ ಕೊಂಬು ಕಟ್ಟಿದ ದಾರ ಕೊರಳಿಗೆ ಬೀಳಬೇಕು. ಆಮೇಲೆ ಚಿನ್ನ ತೆಗೆಯುವುದು. "ದಾರನಾದ್ರೂ ತರಿಸ್ತೀನಿ, ನಿಲ್ಲೇ!" ಅಂದೆ. ಅವಳು ಆಗಲೇ ಒಳಗೆ ಹೋಗಿ ಅವನ ಕೈ ಹಿಡಿದಿದ್ದಳು. ಬರಿಗೊರಳು. ನನ್ನ ಮಗ ಇನ್ನೂ ಉಸಿರಾಡುತ್ತಿದ್ದಾಗ ಬರಿಗೊರಳು! ಮುಚ್ಚಿದ ಬಾಗಿಲಿನ ಆಚೆ ಮಿಷನ್ನು ಗಡಗಡ ಬಡಿಯುತ್ತಿತ್ತು, ಈಚೆ ನಾನು ಹಲ್ಲು ಕಚ್ಚಿಕೊಂಡು ಕೂತಿದ್ದೆ. ಮೊದಲಿಂದಲೂ ಅವಳೆಂದರೆ ನನಗೆ ಅಷ್ಟಕ್ಕಷ್ಟೇ — ಅವನೇ ಮೆಚ್ಚಿ ತಂದವಳು. ಇದನ್ನು ತೀರಿಸಿಕೊಳ್ಳದೆ ಬಿಡುವುದಿಲ್ಲ ಎಂದುಕೊಂಡೆ.

ಅವಕಾಶ ಆ ಸಂಜೆಯೇ ಸಿಕ್ಕಿತು. ಶಶಿ ವಾರ್ಡಿನಲ್ಲಿದ್ದಳು, ದೊಡ್ಡ ಡಾಕ್ಟರು ನನ್ನನ್ನು ಕರೆದು ಕಂಪ್ಯೂಟರಿನಲ್ಲಿ ತೋರಿಸಿದರು. ಬೂದು ಬಣ್ಣದ ಹಗ್ಗದಂಥದ್ದು ಉದ್ದಕ್ಕೆ ಇಳಿದಿತ್ತು. ನಡುವೆ ಊದಿತ್ತು. ಬೆಳ್ಳಗಿರುವುದು ಊತ, ಅದರೊಳಗಿನ ಕಪ್ಪು ರಕ್ತ ಎಂದರು. ಮುರಿದ ಮೂಳೆ ಹೋಗಿ ಹುರಿಗೆ ಬಡಿದಿದೆ, ಕಾಲು ವಾಪಸು ಬರುವುದು ಕಷ್ಟ ಎಂದರು.

"ಸೊಸೆ ಎತ್ತಿದ್ದಕ್ಕಾ ಸಾರ್?"

"ಬಿದ್ದ ತಕ್ಷಣ ಕಾಲು ಗೊತ್ತಾಗ್ತಿತ್ತಾ ಅವರಿಗೆ?"

"ಇಲ್ಲ ಅಂದ."

"ಹಾಗಾದ್ರೆ ಬಿದ್ದಾಗಲೇ ಆಗಿದೆ ಅಮ್ಮ. ಹಾಗೆ ಎತ್ತಬಾರದು, ನಿಜ. ಆದ್ರೆ ಈ ಪೆಟ್ಟು ಎತ್ತಿದ್ರಿಂದ ಆದದ್ದಲ್ಲ. ಆಕೆ ಒಂದೇ ಸಮ ಅಳ್ತಿದಾರೆ, ಪಾಪ. ಹೋಗಿ ಹೇಳ್ಬಿಡಿ."

ಹೋದೆ. ಹೇಳಿದೆ. "ನೀನು ಎತ್ತಿದ್ದಕ್ಕೇ ಹೋಯ್ತಂತೆ ಕಣೇ. ಸ್ಕ್ಯಾನಲ್ಲಿ ಕಾಣ್ತಿದೆ."

ಅವಳು ತನ್ನ ಎರಡೂ ಕೈ ತಿರುಗಿಸಿ ನೋಡಿಕೊಂಡು ಸೆರಗಿನೊಳಗೆ ಸುತ್ತಿಕೊಂಡಳು. ನನಗೆ — ಬರೆಯಲು ನಾಚಿಕೆಯಿಲ್ಲ, ಆದದ್ದು ಅದೇ — ಹೊಟ್ಟೆ ತಣ್ಣಗಾಯಿತು. ಬೀದಿಯಲ್ಲೂ ಹೇಳಿದೆ. ಹಾಲು ತರುವಾಗ, ಸೊಪ್ಪಿನ ಗಾಡಿಯ ಮುಂದೆ, ಯಾರು ಕೇಳಿದರೂ, ಕೇಳದಿದ್ದರೂ. ವರ್ಷಗಳು ಕಳೆದವು. ಸಾರಿಗೆ ಉಪ್ಪು ಹೆಚ್ಚಾದರೂ ಅದೇ ಮಾತು ತೆಗೆಯುತ್ತಿದ್ದೆ: "ಗಂಡನ್ನ ಎತ್ತಿದ ಕೈಯಲ್ಲವಾ!" ಅವಳು ಒಂದು ದಿನವೂ ಎದುರಾಡಲಿಲ್ಲ. ಎದುರಾಡಿದ್ದರೆ ಚೆನ್ನಾಗಿತ್ತೇನೋ…

ಅವಳು ಅವನಿಗೆ ಉಣ್ಣಿಸುತ್ತಿದ್ದಳು, ಒರೆಸುತ್ತಿದ್ದಳು, ಗಾರ್ಮೆಂಟ್ಸ್‌ಗೆ ಹೋಗಿ ದುಡಿದು ತರುತ್ತಿದ್ದಳು. ಆದರೆ ಎತ್ತುತ್ತಿರಲಿಲ್ಲ. ಹಾಸಿಗೆಯಿಂದ ವೀಲ್‌ಚೇರಿಗೆ ಕೂರಿಸಬೇಕೆಂದರೆ ಎದುರು ಮನೆ ಗೌರಮ್ಮನ ಮಗ ಬರಬೇಕು. ಎತ್ತಲು ಹೆದರಿಕೆ ಎನ್ನುವುದು ಬರೀ ನೆಪ, ಹೆಂಡತಿಗೆ ತನ್ನ ಮೈ ಕಂಡರೆ ಅಸಹ್ಯ ಎಂದುಕೊಂಡ ಮಹೇಶ. ಮಾತು ಕಡಿಮೆ ಮಾಡಿದ. ನೋಡುತ್ತಿದ್ದೆ. ಸುಮ್ಮನಿದ್ದೆ.

ಮೊನ್ನೆ ಸಂಜೆ ಬಚ್ಚಲಲ್ಲಿ ಅವನು ಕುರ್ಚಿಯಿಂದ ಜಾರಿದ. ಮೈಮೇಲೆ ಬಟ್ಟೆಯಿಲ್ಲ, ಮುಖಕ್ಕೆಲ್ಲ ಸೋಪು.

"ಶಶಿ, ನೀನೇ ಎತ್ತೇ. ಯಾರನ್ನೂ ಕರೀಬೇಡ."

"ಆಗಲ್ಲ ರೀ. ಒಂದ್ಸಲ ಎತ್ತಿ ಮಾಡಿದ್ದೇ ಸಾಕು."

ಕೈ ಸೆರಗಿನೊಳಗೆ ಸುತ್ತಿಕೊಂಡು ಬೀದಿಗೆ ಓಡಿದಳು. ನಾನು ಟವಲ್ಲು ಹುಡುಕುವಷ್ಟರಲ್ಲಿ ಓಣಿಯ ಗಂಡಸರು ಬಚ್ಚಲೊಳಗೆ ಇದ್ದರು. ನನ್ನ ಮಗ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಮೈ ಮುಚ್ಚಿಕೊಳ್ಳಲಿಲ್ಲ — ಮುಖ.

ಅವಳಿಗೆಂದು ಕಾಯಿಸಿದ ಕಬ್ಬಿಣ ನನ್ನ ಮಗನ ಮೈಮೇಲೆ ಇಟ್ಟಿದ್ದೆ. ಇಷ್ಟು ವರ್ಷ.

ಮರುದಿನ ಬೆಳಿಗ್ಗೆ ಮಹೇಶನ ಮಂಚದ ಹತ್ತಿರ ಶಶಿಯನ್ನು ಕರೆದು, ಡಾಕ್ಟರು ಹೇಳಿದ್ದನ್ನು ಹೇಳಿದ ಹಾಗೇ ಹೇಳಿದೆ. ಯಾಕೆ ಮುಚ್ಚಿಟ್ಟೆ ಎನ್ನುವುದನ್ನೂ ಹೇಳಿದೆ. ಮಹೇಶ ಗೋಡೆ ನೋಡಿದ. ಶಶಿ ಅಳಲಿಲ್ಲ. ನನ್ನ ಕಣ್ಣಲ್ಲಿ ಕಣ್ಣಿಟ್ಟು ಅಂದಳು:

"ಇದನ್ನ ಮನೆಯೊಳಗೆ ಹೇಳಿದ್ರೆ ಮುಗೀತಾ ಅತ್ತೆ? ನನ್ನ ಬಗ್ಗೆ ಎಲ್ಲೆಲ್ಲಿ ಹೇಳಿದ್ರೋ ಅಲ್ಲೆಲ್ಲಾ ಹೇಳಿ ಬನ್ನಿ. ಒಂದು ಮನೇನೂ ಬಿಡಬೇಡಿ. ಹೇಳಿದ್ರೋ ಇಲ್ವೋ ನಾನು ಕೇಳಿ ನೋಡ್ತೀನಿ."

ಆ ದನಿ ನನಗೆ ಗುರುತು ಸಿಕ್ಕಿತು. ನನ್ನದೇ.

ಚಪ್ಪಲಿ ಮೆಟ್ಟಿಕೊಂಡು ಎದುರು ಮನೆಯ ಬಾಗಿಲು ಬಡಿದೆ. ಗೌರಮ್ಮ ನಕ್ಕು, "ಬನ್ನಿ, ಕಾಫಿ ಇಡ್ತೀನಿ" ಅಂದಳು. ಬೇಡ ಅಂದೆ. ಕೂರಲೂ ಇಲ್ಲ. ಹೊಸಿಲಿನ ಆಚೆಯೇ ನಿಂತು, ಓಣಿಗೆಲ್ಲ ಕೇಳುವ ಹಾಗೆ ಶುರು ಮಾಡಿದೆ.